ಸೈಕಲ್ ರೈಡ್‌ಗೆ ಹೆಸರು ಕೊಡುವ ಮುನ್ನ

"ಐವತ್ತು ಕಿಲೋಮೀಟರ್ ಅಂತೆ, ನನ್ನ ಕೈಲಿ ಆಗುತ್ತಾ?" ಸೈಕಲ್ ಕೊಂಡು ಕೆಲವು ತಿಂಗಳು ಅಲ್ಲೇ ಸುತ್ತಮುತ್ತ ಓಡಾಡಿದವರು ಗ್ರೂಪ್ ರೈಡಿನ ಪೋಸ್ಟರ್ ನೋಡಿದಾಗ ಕೇಳುವ ಪ್ರಶ್ನೆ ಇದು. ಕೇಳುವುದು ಒಳ್ಳೆಯದೇ. ಸುಮ್ಮನೆ ಹೆಸರು ಕೊಟ್ಟು, ಅರ್ಧ ದಾರಿಯಲ್ಲಿ ಮಂಡಿ ಹಿಡಿದು ಕೂತು, ಮತ್ತೆ ಸೈಕಲ್ ಮುಟ್ಟದವರು ಇದ್ದಾರೆ. ಆರಾಮಾಗಿ ಮುಗಿಸಬಹುದಾಗಿದ್ದ ರೈಡನ್ನು ಹೆದರಿ ಬಿಟ್ಟವರು ಅವರಿಗಿಂತಲೂ ಹೆಚ್ಚು. ಉತ್ತರ ಕಂಡುಕೊಳ್ಳಲು ದೊಡ್ಡ ಯಂತ್ರ ಬೇಕಿಲ್ಲ. ಒಂದು ಗಡಿಯಾರ, ಬಿಡುವಿನ ಕೆಲವು ಭಾನುವಾರ ಮತ್ತು ನಿಮ್ಮ ಆರೋಗ್ಯದ ಬಗ್ಗೆ ಮುಚ್ಚುಮರೆ ಇಲ್ಲದ ಲೆಕ್ಕ ಇದ್ದರೆ ಸಾಕು.

ಮೊದಲು ಅದು ಎಂಥ ರೈಡ್ ಎಂದು ತಿಳಿದುಕೊಳ್ಳಿ. ಎಲ್ಲವನ್ನೂ ನಾವು ಸೈಕ್ಲೋಥಾನ್ ಎಂದೇ ಕರೆಯುತ್ತೇವೆ, ಆದರೆ ಒಂದಕ್ಕೂ ಇನ್ನೊಂದಕ್ಕೂ ಬಹಳ ಅಂತರವಿದೆ. ನಗರದೊಳಗೆ ರಸ್ತೆ ಬಿಡಿಸಿಕೊಟ್ಟು ನಡೆಸುವ ಹತ್ತು, ಇಪ್ಪತ್ತೈದು ಕಿ.ಮೀ. ಕಾರ್ಯಕ್ರಮಗಳು ಒಂದು ಬಗೆ. ಅಲ್ಲಿ ಮಕ್ಕಳೂ ಬರುತ್ತಾರೆ, ಗೇರ್ ಇಲ್ಲದ ಸೈಕಲ್ಲೂ ನಡೆಯುತ್ತದೆ. ಸೈಕಲ್ ಕ್ಲಬ್‌ಗಳು ಭಾನುವಾರ ಬೆಳಗ್ಗೆ ಊರಾಚೆ ಹೋಗುವ ನಲವತ್ತರಿಂದ ನೂರು ಕಿ.ಮೀ. ರೈಡ್‌ಗಳು ಇನ್ನೊಂದು ಬಗೆ. ಇದರಾಚೆಗೆ ಬಿಆರ್‌ಎಂ ಇದೆ. ಇದು ಫ್ರಾನ್ಸಿನಲ್ಲಿ ಹುಟ್ಟಿದ ದೂರದ ಸವಾರಿಯ ಪದ್ಧತಿ. ಇದರಲ್ಲಿ ಎಲ್ಲರಿಗಿಂತ ಮೊದಲು ತಲುಪಿದವರಿಗೆ ಬಹುಮಾನವಿಲ್ಲ, ಗೊತ್ತುಪಡಿಸಿದ ಸಮಯದೊಳಗೆ ಮುಗಿಸಿದರೆ ಸಾಕು. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ ಕೊಡುತ್ತಾರೆ. ಊಟ, ಪಂಕ್ಚರ್, ನಿದ್ದೆ ಎಲ್ಲ ಅದರೊಳಗೇ. ಕೊನೆಗೆ ಟೂರ್ ಆಫ್ ನೀಲಗಿರೀಸ್‌ನಂಥ ಹಲವು ದಿನಗಳ ಪ್ರವಾಸ. 2008ರಲ್ಲಿ ಶುರುವಾದ ಅದರಲ್ಲಿ ಕರ್ನಾಟಕದಿಂದ ಊಟಿಯ ಕಡೆಗೆ ಘಟ್ಟ ಹತ್ತಬೇಕು. ಮಸಿನಗುಡಿಯ ಕಡೆಯಿಂದ ಕಲ್ಹಟ್ಟಿಯ 36 ತಿರುವುಗಳನ್ನು ಬಸ್ಸಿನಲ್ಲಿ ಕೂತು ಏರಿದವರಿಗೂ ಅದೆಂಥ ದಾರಿ ಎಂದು ಗೊತ್ತಿರುತ್ತದೆ.

ಪೋಸ್ಟರಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಕಿಲೋಮೀಟರ್. ಆದರೆ ನಿಮ್ಮ ದೇಹಕ್ಕೆ ತಿಳಿಯುವುದು ಗಂಟೆಗಳ ಲೆಕ್ಕ. ಆದ್ದರಿಂದ ದೂರವನ್ನು ಗಂಟೆಗೆ ಪರಿವರ್ತಿಸಿ. ಅರವತ್ತು ಕಿ.ಮೀ. ರೈಡ್‌ಗೆ ನಾಲ್ಕು ಗಂಟೆ ಕಟ್-ಆಫ್, ಅಂದರೆ ಮುಗಿಸಲು ಕೊಟ್ಟಿರುವ ಕೊನೆಯ ಗಡುವು, ಇದೆ ಎಂದುಕೊಳ್ಳಿ. ಗಂಟೆಗೆ ಹದಿನೈದು ಕಿ.ಮೀ. ಸಾಕು ಎನ್ನಿಸುತ್ತದೆ. ಆದರೆ ನೀರು ಕುಡಿಯಲು, ತಿಂಡಿಗೆ, ಸಿಗ್ನಲ್‌ಗೆ ಎಂದು ಅರ್ಧ ಗಂಟೆ ಹೋಗಿಯೇ ಹೋಗುತ್ತದೆ. ಉಳಿಯುವುದು ಮೂರೂವರೆ ಗಂಟೆ. ಆಗ ಸೈಕಲ್ ಮೇಲಿರುವಷ್ಟು ಹೊತ್ತೂ ಗಂಟೆಗೆ ಹದಿನೇಳು ಕಿ.ಮೀ. ವೇಗ ಕಾಯ್ದುಕೊಳ್ಳಬೇಕು. ಸಂಘಟಕರು "ಸರಾಸರಿ ಇಪ್ಪತ್ತೆರಡು" ಎಂದರೆ, ಅದು ನಿಂತ ಹೊತ್ತನ್ನೂ ಸೇರಿಸಿಯೋ, ಓಡುತ್ತಿರುವಾಗಿನದು ಮಾತ್ರವೋ ಎಂದು ಕೇಳಿ. ಈ ಒಂದು ಪ್ರಶ್ನೆಯಿಂದಲೇ ಎಷ್ಟೋ ಅನುಮಾನ ಬಗೆಹರಿಯುತ್ತದೆ.

ಆಮೇಲೆ ಏರು. ಸಮತಟ್ಟು ದಾರಿಯ ಐವತ್ತು ಕಿ.ಮೀ. ಮತ್ತು ಬೆಟ್ಟ ಹತ್ತುವ ಐವತ್ತು ಕಿ.ಮೀ. ಎರಡೂ ಒಂದೇ ಅಲ್ಲ. ಬೆಂಗಳೂರಿನ ಸೈಕಲ್ ಮಂದಿಗೆ ನಂದಿ ಬೆಟ್ಟವೇ ಒರೆಗಲ್ಲು. ನಗರ ಇರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ, ಬೆಟ್ಟದ ತುದಿ 1,478 ಮೀಟರ್‌ನಲ್ಲಿ. ಆದರೆ ಈ ಏರಿನಲ್ಲಿ ಬಹುಪಾಲು ಕೊನೆಯ ಏಳೆಂಟು ಕಿ.ಮೀ.ಯಲ್ಲೇ ಬರುತ್ತದೆ. ಹೊಸಬರ ವೇಗ ಅಲ್ಲಿ ಗಂಟೆಗೆ ಏಳೆಂಟು ಕಿ.ಮೀ.ಗೆ ಇಳಿಯುವುದು ಸಾಮಾನ್ಯ, ಅಂದರೆ ಬರೀ ಆ ಏರಿಗೇ ಸುಮಾರು ಒಂದು ಗಂಟೆ. ನಿಮ್ಮ ಲೆಕ್ಕದಲ್ಲಿ ಆ ಗಂಟೆಗೆ ಜಾಗವಿರಬೇಕು. ಮೈಸೂರಿನವರು ಚಾಮುಂಡಿ ಬೆಟ್ಟದ ರಸ್ತೆಯಲ್ಲಿ, ಕರಾವಳಿಯವರು ಹತ್ತಿರದ ಯಾವುದಾದರೂ ದಿಬ್ಬದಲ್ಲಿ ಇದನ್ನೇ ಅಳೆದುಕೊಳ್ಳಬಹುದು. ಕಲಬುರಗಿ, ರಾಯಚೂರಿನವರಿಗೆ ಏರಿಗಿಂತ ಬಿಸಿಲೇ ಬೆಟ್ಟ. ಅಲ್ಲಿ ಬೇಸಗೆಯಲ್ಲಿ ಬೆಳಗ್ಗೆ ಎಂಟೂವರೆಯ ನಂತರವೂ ರಸ್ತೆಯ ಮೇಲಿರಬೇಕಾದ ರೈಡ್‌ಗೆ ನಾನಂತೂ ಹೊಸಬರನ್ನು ಕಳಿಸುವುದಿಲ್ಲ.

ಲೆಕ್ಕ ಹಾಕಿದಿರಿ. ಇನ್ನು ದೇಹದ ಮಾತು. ಅಭ್ಯಾಸ ಶುರುಮಾಡುವ ಮೊದಲೇ ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡಿ. ವೈದ್ಯರು ಮತ್ತು ತರಬೇತುದಾರರು ಪಾರ್-ಕ್ಯೂ ಎಂಬ ಪ್ರಶ್ನಾವಳಿ ಬಳಸುತ್ತಾರೆ. ವ್ಯಾಯಾಮ ಶುರುಮಾಡುವವರನ್ನು ಮೊದಲೇ ಸೋಸಿ ನೋಡಲೆಂದು ಕೆನಡಾದಲ್ಲಿ ರೂಪುಗೊಂಡದ್ದು. ಅದರ ತಿರುಳು ಇಷ್ಟು: ಹೃದಯದ ತೊಂದರೆ ಇದೆಯೆಂದು ವೈದ್ಯರು ಯಾವಾಗಲಾದರೂ ಹೇಳಿದ್ದಾರೆಯೇ? ಶ್ರಮದ ಕೆಲಸ ಮಾಡುವಾಗ ಎದೆನೋವು ಬರುತ್ತದೆಯೇ? ಕಳೆದ ಒಂದು ತಿಂಗಳಲ್ಲಿ ಸುಮ್ಮನೆ ಕೂತಿದ್ದಾಗಲೂ ಬಂದಿತ್ತೇ? ತಲೆಸುತ್ತಿ ಬಿದ್ದದ್ದು, ಪ್ರಜ್ಞೆ ತಪ್ಪಿದ್ದು ಉಂಟೇ? ಮೂಳೆ, ಕೀಲುಗಳ ತೊಂದರೆ ಇದೆಯೇ? ಬಿ.ಪಿ.ಗೋ ಹೃದಯಕ್ಕೋ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಬೇರೆ ಏನಾದರೂ ಕಾರಣವಿದೆಯೇ? ಒಂದಕ್ಕೆ ಹೌದು ಎಂದರೂ ಮೊದಲು ವೈದ್ಯರನ್ನು ಕಾಣಿ. ಹಾಗೆಂದು ಸೈಕಲ್ ಬಿಡಬೇಕೆಂದೇನಿಲ್ಲ. ಬಿ.ಪಿ. ಹಿಡಿತದಲ್ಲಿರುವ ಎಷ್ಟೋ ಮಂದಿ ಚೆನ್ನಾಗಿ ಸೈಕಲ್ ತುಳಿಯುತ್ತಾರೆ. ಎಷ್ಟು ಜೋರಾಗಿ, ಎಷ್ಟು ಹೊತ್ತು ಎಂಬುದನ್ನು ಅವರಿಗೆ ವೈದ್ಯರು ಹೇಳಿದ್ದಾರೆ, ಅಷ್ಟೇ ವ್ಯತ್ಯಾಸ.

2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೃದಯಾಘಾತದಿಂದ ತೀರಿಕೊಂಡ ಮೇಲೆ ನಮ್ಮಲ್ಲಿ ವ್ಯಾಯಾಮವೆಂದರೇ ಭಯ ಪಡುವವರು ಹೆಚ್ಚಾದರು. ಆ ಭಯ ಅರ್ಥವಾಗುವಂಥದ್ದು. ಹಾಗಾದರೆ ಎಲ್ಲರೂ ಟಿಎಂಟಿ ಮಾಡಿಸಬೇಕೇ? ಟಿಎಂಟಿ ಎಂದರೆ ಟ್ರೆಡ್‌ಮಿಲ್ ಮೇಲೆ ವೇಗವಾಗಿ ನಡೆಸುತ್ತ ಹೃದಯದ ಇಸಿಜಿ ತೆಗೆಯುವ ಪರೀಕ್ಷೆ. ಯಾವ ಲಕ್ಷಣವೂ ಇಲ್ಲದ, ಈಗಾಗಲೇ ಓಡಾಟ ಇಟ್ಟುಕೊಂಡಿರುವ ಮೂವತ್ತರ ಹರೆಯದವರಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ನಲವತ್ತು ದಾಟಿದವರು, ವರ್ಷಗಟ್ಟಲೆ ಕುರ್ಚಿಯಲ್ಲೇ ಕೂತವರು, ಸಕ್ಕರೆ ಕಾಯಿಲೆ ಇರುವವರು, ಬೀಡಿ ಸಿಗರೇಟು ಸೇದುವವರು, ತಂದೆಗೋ ಅಣ್ಣನಿಗೋ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆಗಿರುವವರು ವೈದ್ಯರನ್ನು ಕೇಳಿ, ಅವರು ಹೇಳಿದರೆ ಮಾಡಿಸಿ. ಒಂದು ಎಚ್ಚರಿಕೆ: ಸುಮ್ಮನೆ ಮಲಗಿದ್ದಾಗ ತೆಗೆದ ಇಸಿಜಿ ಸರಿ ಇದ್ದ ಮಾತ್ರಕ್ಕೆ ಎಲ್ಲವೂ ಸರಿ ಎಂದುಕೊಳ್ಳಬಾರದು. ಎದೆ ಬಿಗಿಯುವುದು, ಮೆಟ್ಟಿಲು ಹತ್ತಿದರೆ ಹಿಂದೆಂದೂ ಇಲ್ಲದಷ್ಟು ಏದುಸಿರು ಬರುವುದು ಇದ್ದರೆ, ರಿಪೋರ್ಟ್ ಏನೇ ಹೇಳಲಿ, ಮತ್ತೆ ತೋರಿಸಿ.

ಹೆಣ್ಣುಮಕ್ಕಳು ಇನ್ನೊಂದನ್ನೂ ನೋಡಿಸಿಕೊಳ್ಳಬೇಕು: ಹಿಮೋಗ್ಲೋಬಿನ್. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತದಲ್ಲಿ ಆಮ್ಲಜನಕ ಹೊರುವುದೇ ಹಿಮೋಗ್ಲೋಬಿನ್. ಅದು ಕಡಿಮೆ ಇದ್ದರೆ ಎಷ್ಟು ಅಭ್ಯಾಸ ಮಾಡಿದರೂ ಕಾಲು ಸೋಲುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ. ಗರ್ಭಿಣಿಯರಲ್ಲದ ಮಹಿಳೆಯರಿಗೆ ಡೆಸಿಲೀಟರ್‌ಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ಅದನ್ನು ರಕ್ತಹೀನತೆ ಎನ್ನುತ್ತಾರೆ. "ನನಗೆ ಸ್ಟ್ಯಾಮಿನಾ ಇಲ್ಲ" ಎಂದು ಎಷ್ಟೋ ಮಂದಿ ತಮ್ಮನ್ನೇ ಬೈದುಕೊಳ್ಳುತ್ತಾರೆ. ಅವರಿಗೆ ಬೇಕಿರುವುದು ಕಬ್ಬಿಣದ ಮಾತ್ರೆ ಮತ್ತು ಸರಿಯಾದ ಊಟ.

ಈಗ ಪರೀಕ್ಷೆಯ ಸವಾರಿ. ರೈಡ್‌ಗೆ ಒಂದು ತಿಂಗಳಾದರೂ ಇರುವಾಗ ಒಂದು ಭಾನುವಾರ ಬೆಳಗ್ಗೆ ಬೇಗ ಹೊರಡಿ. ಗುರಿ, ಕಾರ್ಯಕ್ರಮದ ದೂರದ ಅರ್ಧ. ಮೊದಲ ಅರ್ಧ ಗಂಟೆ ಬೇಕೆಂದೇ ನಿಧಾನವಾಗಿ ಹೋಗಿ. ಆಮೇಲೆ ರೈಡ್‌ಗೆ ಬೇಕಾದ ವೇಗಕ್ಕೆ ಬನ್ನಿ. ಆ ವೇಗದಲ್ಲಿರುವಾಗ ಒಂದೆರಡು ಪೂರ್ತಿ ವಾಕ್ಯ ಗಟ್ಟಿಯಾಗಿ ಮಾತಾಡಿ ನೋಡಿ. ಜೊತೆಗೆ ಯಾರಾದರೂ ಇದ್ದರೆ ಮನೆಯ ಸಮಾಚಾರವನ್ನೇ ಮಾತಾಡಿ. ಮಾತು ತಡೆಯಿಲ್ಲದೆ ಬಂದರೆ ಆ ವೇಗ ನಿಮ್ಮದು, ಗಂಟೆಗಟ್ಟಲೆ ನಡೆಯುತ್ತದೆ. ಎರಡೆರಡು ಪದಕ್ಕೆ ಒಮ್ಮೆ ಉಸಿರು ಎಳೆಯಬೇಕಾದರೆ ಆ ವೇಗ ಏರಿನಲ್ಲಿ ಸ್ವಲ್ಪ ಹೊತ್ತಿಗೆ ಸರಿ, ಇಡೀ ರೈಡ್‌ಗೆ ಅಲ್ಲ. ಇದಕ್ಕೆ ಟಾಕ್ ಟೆಸ್ಟ್ ಎನ್ನುತ್ತಾರೆ. ಸರಳ ಎಂದು ಕಡೆಗಣಿಸಬೇಡಿ, ವ್ಯಾಯಾಮದ ತಜ್ಞರೂ ಇದನ್ನೇ ಹೇಳಿಕೊಡುತ್ತಾರೆ.

ಕೈಗಡಿಯಾರದಲ್ಲಿ ನಾಡಿ ನೋಡುವವರು ಸಂಖ್ಯೆ ಕೇಳುತ್ತಾರೆ. 220ರಲ್ಲಿ ನಿಮ್ಮ ವಯಸ್ಸನ್ನು ಕಳೆದರೆ ನಿಮಿಷಕ್ಕೆ ನಾಡಿ ತಲುಪಬಹುದಾದ ಮೇಲ್ಮಿತಿಯ ಅಂದಾಜು ಸಿಗುತ್ತದೆ. 45 ವಯಸ್ಸಿನವರಿಗೆ 175. ಅದರ ಶೇ 70 ಅಂದರೆ ಸುಮಾರು 122ರವರೆಗೆ ಸಾಧಾರಣ ಶ್ರಮ, ಶೇ 85 ಅಂದರೆ 149ರವರೆಗೆ ಜೋರಿನ ಶ್ರಮ. ದೂರದ ರೈಡಿನಲ್ಲಿ ಹೊಸಬರು ಹೆಚ್ಚಿನ ಹೊತ್ತು ಇವೆರಡರ ನಡುವಿನ ಕೆಳಭಾಗದಲ್ಲೇ ಇರುವುದು ಕ್ಷೇಮ. ಇದು ಬರೀ ಅಂದಾಜು. ಒಬ್ಬರಿಂದ ಒಬ್ಬರಿಗೆ ಹತ್ತು ಹನ್ನೆರಡು ಬಡಿತದ ವ್ಯತ್ಯಾಸ ಸಹಜ. ಬಿ.ಪಿ.ಗೆ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆ ನುಂಗುವವರಿಗೆ ಈ ಸೂತ್ರ ನಡೆಯುವುದೇ ಇಲ್ಲ, ಏಕೆಂದರೆ ಆ ಮಾತ್ರೆಗಳ ಕೆಲಸವೇ ನಾಡಿಯನ್ನು ತಗ್ಗಿಸುವುದು. ಅವರು ಮಾತಿನ ಪರೀಕ್ಷೆಯನ್ನೇ ನಂಬಬೇಕು.

ಸವಾರಿ ಮುಗಿಸಿ ಬಂದಾಗಿನ ಹುರುಪನ್ನು ನೋಡಿ ತೀರ್ಮಾನ ಮಾಡಬೇಡಿ. ಸೋಮವಾರ ಬೆಳಗ್ಗೆ ಎದ್ದಾಗ ನೋಡಿ. ತೊಡೆ, ಮೀನಖಂಡ ಸ್ವಲ್ಪ ಬಿಗಿದಿದ್ದರೆ ಚಿಂತೆಯಿಲ್ಲ. ಮೆಟ್ಟಿಲು ಇಳಿಯುವಾಗ ಮಂಡಿ ಚುಚ್ಚುತ್ತಿದ್ದರೆ, ಅಂಗೈ ಇನ್ನೂ ಜೋಮು ಹಿಡಿದಿದ್ದರೆ, ದಿನವಿಡೀ ಹಾಸಿಗೆಯೇ ಬೇಕೆನ್ನಿಸಿದರೆ ಯಾವುದೋ ಒಂದು ಸರಿಯಿಲ್ಲ. ನನ್ನ ಅನುಭವದಲ್ಲಿ ಆ ಯಾವುದೋ ಒಂದು ಬಹಳ ಸಲ ಸೀಟಿನ ಎತ್ತರವೇ. ಗೋಡೆಗೆ ಒರಗಿಕೊಂಡು ಸೈಕಲ್ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು, ಸೊಂಟ ಒಂದು ಕಡೆಗೆ ವಾಲಬಾರದು. ಆಮೇಲೆ ಮಾಮೂಲಿನಂತೆ ಮುಂಗಾಲಿಟ್ಟು ತುಳಿದರೆ ಮಂಡಿ ಸ್ವಲ್ಪವೇ ಬಾಗಿರುತ್ತದೆ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಿನಲ್ಲಿದೆ, ಹಿಂಭಾಗ ನೋಯುತ್ತಿದ್ದರೆ ಎತ್ತರದಲ್ಲಿದೆ ಎಂದು ಅನುಮಾನಿಸಿ. ನೆಲಕ್ಕೆ ಎರಡೂ ಪಾದ ಆರಾಮಾಗಿ ಊರುವಷ್ಟು ಸೀಟು ತಗ್ಗಿಸಿಕೊಳ್ಳುವುದು ನಮ್ಮಲ್ಲಿ ಅನೇಕರ ರೂಢಿ. ಪೇಟೆಗೆ ಹೋಗಿ ಬರಲು ಅದು ನಡೆಯುತ್ತದೆ, ಮೂರು ಗಂಟೆಯ ಸವಾರಿಗೆ ನಡೆಯುವುದಿಲ್ಲ. ಸೀಟು ಏರಿಸುವಾಗ ಒಮ್ಮೆಗೆ ಅರ್ಧ ಸೆಂಟಿಮೀಟರ್ ಸಾಕು.

ಅರ್ಧ ದೂರದ ಪರೀಕ್ಷೆ ಸಲೀಸಾದರೆ ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಏರಿಸಿ. ವಾರದ ನಡುವೆ ಎರಡು ದಿನ ನಲವತ್ತೈದು ನಿಮಿಷ, ಭಾನುವಾರ ಒಂದು ಉದ್ದದ ಸವಾರಿ ಇಟ್ಟುಕೊಂಡರೆ ಕೆಲಸಕ್ಕೆ ಹೋಗುವವರಿಗೂ ಆಗುತ್ತದೆ. ರೈಡ್‌ಗೆ ಎರಡು ವಾರ ಇರುವಷ್ಟರಲ್ಲಿ ಅದರ ಮುಕ್ಕಾಲು ಭಾಗ ದೂರವನ್ನು ನಿಂತು ನಿಂತಾದರೂ ಸುಸ್ತು ಬೀಳದೆ ಮುಗಿಸಿದ್ದರೆ ಧೈರ್ಯವಾಗಿ ಹೆಸರು ಕೊಡಿ. ಉಳಿದ ಕಾಲು ಭಾಗವನ್ನು ಜೊತೆಯ ಮಂದಿ ಮತ್ತು ಅಂದಿನ ಉತ್ಸಾಹ ದಾಟಿಸುತ್ತವೆ. ಮುಕ್ಕಾಲು ಭಾಗ ಆಗಲಿಲ್ಲವೇ? ಅದೇ ಕಾರ್ಯಕ್ರಮದಲ್ಲಿ ಚಿಕ್ಕ ದೂರವಿದ್ದರೆ ಅದಕ್ಕೆ ಬದಲಾಯಿಸಿಕೊಳ್ಳಿ. ಕೊನೆಯ ವಾರ ಹೊಸದಾಗಿ ಏನೂ ಗಳಿಸಲಾಗದು. ಹಗುರವಾಗಿ ಎರಡು ಸಲ ತುಳಿದು, ಚೆನ್ನಾಗಿ ನಿದ್ದೆ ಮಾಡಿ.

ಗ್ರೂಪಿನಲ್ಲಿ ಹೋಗಲು ದೇಹದ ಶಕ್ತಿಯೊಂದೇ ಸಾಲದು. ಇದನ್ನು ಬಹಳ ಮಂದಿ ಮರೆಯುತ್ತಾರೆ. ಒಬ್ಬರೇ ಎಪ್ಪತ್ತು ಕಿ.ಮೀ. ಹೋಗಬಲ್ಲವರೂ ಗುಂಪಿನ ನಡುವೆ ಅಪಾಯ ತರಬಹುದು. ಖಾಲಿ ರಸ್ತೆಯಲ್ಲಿ ಇವನ್ನು ಪರೀಕ್ಷಿಸಿಕೊಳ್ಳಿ: ಅಂಚಿನ ಬಿಳಿ ಗೆರೆಯ ಪಕ್ಕ ನೂರು ಮೀಟರ್ ನೇರವಾಗಿ ಹೋಗುವುದು, ಹಿಂದೆ ತಿರುಗಿ ನೋಡಿದಾಗ ಸೈಕಲ್ ಆ ಕಡೆಗೆ ಎಳೆಯದಿರುವುದು, ಓಡುತ್ತಿರುವಾಗಲೇ ಬಾಟಲಿ ತೆಗೆದು ನೀರು ಕುಡಿದು ಮತ್ತೆ ಇಡುವುದು, ಎರಡೂ ಬ್ರೇಕನ್ನು ಮೆಲ್ಲಗೆ ಒತ್ತಿ ನಿಲ್ಲಿಸುವುದು. ಮುಂದಿನವರ ಹಿಂದೆ ಹತ್ತಿರವಾಗಿ ಹೋಗುವುದಕ್ಕೆ ಡ್ರಾಫ್ಟಿಂಗ್ ಎನ್ನುತ್ತಾರೆ. ಗಾಳಿಯನ್ನು ಅವರು ಸೀಳುವುದರಿಂದ ಹಿಂದಿನವರಿಗೆ ಶ್ರಮ ಗಮನಾರ್ಹವಾಗಿ ಕಡಿಮೆಯಾಗುತ್ತದೆ. ಆದರೆ ಹೊಸಬರು ಮೊದಲ ರೈಡ್‌ಗಳಲ್ಲಿ ಒಂದು ಸೈಕಲ್ ಉದ್ದವಾದರೂ ಅಂತರ ಬಿಡಬೇಕು. ನಿಮ್ಮ ಮುಂದಿನ ಚಕ್ರ ಮುಂದಿನವರ ಹಿಂದಿನ ಚಕ್ರದ ಪಕ್ಕಕ್ಕೆ ನುಗ್ಗಿರಬಾರದು. ಅವರು ಗುಂಡಿ ತಪ್ಪಿಸಲು ಅಲುಗಿದರೂ ಬೀಳುವವರು ನೀವು. ಹಂಪ್, ಗುಂಡಿ, ನಾಯಿ ಕಂಡರೆ ಕೂಗಿ ಹೇಳಿ, ನಿಲ್ಲುವ ಮೊದಲೂ ಹೇಳಿ.

ತಿನ್ನುವ ಅಭ್ಯಾಸವೂ ಆಗಬೇಕು. ಒಂದೂವರೆ ಗಂಟೆ ಮೀರುವ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ, ಸಕ್ಕರೆ ಒಳಹೋಗಬೇಕು. ಮಧ್ಯಮ ಗಾತ್ರದ ಒಂದು ಪಚ್ಚಬಾಳೆಯಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಹಸಿವಾದ ಮೇಲೆ ತಿಂದರೆ ತಡವಾಯಿತು. ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ ಮುಗಿದರೆ ಕಾಲು ಇದ್ದಕ್ಕಿದ್ದಂತೆ ಕಲ್ಲಾಗುತ್ತದೆ, ಕಣ್ಣು ಮಂಜಾಗುತ್ತದೆ. ಸೈಕಲ್ ಮಂದಿ ಇದಕ್ಕೆ ಬಾಂಕ್ ಆಯಿತು ಎನ್ನುತ್ತಾರೆ. ಬಾಳೆಹಣ್ಣು, ಖರ್ಜೂರ, ಕಡಲೆಕಾಯಿ ಚಿಕ್ಕಿ ಜೇಬಿನಲ್ಲಿರಲಿ. ಹೊರಡುವ ಎರಡು ಗಂಟೆ ಮೊದಲು ಇಡ್ಲಿಯೋ ಉಪ್ಪಿಟ್ಟೋ ಸರಿ. ಎಣ್ಣೆಯ ವಡೆ, ಮಸಾಲೆ ದೋಸೆ ರೈಡ್ ಮುಗಿದ ಮೇಲೆ. ಬಾಯಾರಿಕೆಗೆ ತಕ್ಕಂತೆ ಗುಟುಕು ಗುಟುಕಾಗಿ ನೀರು ಕುಡಿಯಿರಿ. ಎರಡು ಗಂಟೆ ದಾಟಿದರೆ ಒಂದು ಬಾಟಲಿ ಓಆರ್‌ಎಸ್ ಇರಲಿ, ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಬೆರೆಸಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಉದ್ದದ ಸವಾರಿಯ ದಿನ ಡೋಸ್ ಎಷ್ಟಿರಬೇಕೆಂದು ಮೊದಲೇ ವೈದ್ಯರನ್ನು ಕೇಳಲೇಬೇಕು. ಕೈ ನಡುಕ, ತಣ್ಣನೆ ಬೆವರು, ಗಲಿಬಿಲಿ ಆದರೆ ಕೂಡಲೇ ನಿಂತು ಗ್ಲೂಕೋಸ್ ತೆಗೆದುಕೊಳ್ಳಿ. ನಿಮಗೆ ಸಕ್ಕರೆ ಇದೆ ಎಂದು ಪಕ್ಕದವರೊಬ್ಬರಿಗಾದರೂ ತಿಳಿದಿರಲಿ.

ಖರ್ಚು ಎಷ್ಟು? ಇರುವ ಸೈಕಲ್ಲೇ ಸಾಕು, ಬ್ರೇಕ್, ಚೈನು, ಟೈರು ನೋಡಿಸಿ ಸರ್ವಿಸ್ ಮಾಡಿಸಿದರೆ ಕೆಲವು ನೂರು ರೂಪಾಯಿ. ಒಳ್ಳೆಯ ಹೆಲ್ಮೆಟ್ ಸುಮಾರು ಸಾವಿರದಿಂದ ಶುರುವಾಗುತ್ತದೆ, ಒಳಗಿನ ಚೀಟಿಯಲ್ಲಿ ಇಎನ್ 1078 ಎಂಬ ಸುರಕ್ಷತಾ ಗುರುತು ಇದೆಯೇ ನೋಡಿ. ಇದರಲ್ಲಿ ಮಾತ್ರ ಉಳಿತಾಯ ಬೇಡ. ಬಿಡಿ ಟ್ಯೂಬ್, ಪಂಪು, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಸೇರಿ ಇನ್ನೊಂದು ಸಾವಿರದಿಂದ ಎರಡು ಸಾವಿರ. ಟಿಎಂಟಿಗೆ ಖಾಸಗಿಯಲ್ಲಿ ಸಾವಿರ, ಎರಡು ಸಾವಿರದ ಆಸುಪಾಸು, ಊರಿಂದ ಊರಿಗೆ ಬದಲು. ಹೃದಯಕ್ಕಾಗಿಯೇ ಇರುವ ಜಯದೇವ ಆಸ್ಪತ್ರೆ ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿದೆ. ಬಿ.ಪಿ., ಸಕ್ಕರೆ, ಹಿಮೋಗ್ಲೋಬಿನ್ ನೋಡಿಸಲು ಹತ್ತಿರದ ಸರ್ಕಾರಿ ಆಸ್ಪತ್ರೆಯೇ ಸಾಕು. ದುಬಾರಿ ಸೈಕಲ್ ಬೇಕೇ ಎಂದು ಕೇಳಬೇಡಿ. ಎರಡು ರೈಡ್ ಮುಗಿಸುವವರೆಗೆ ಕೊಳ್ಳುವುದೇ ಬೇಡ ಎನ್ನುವುದು ನನ್ನ ಸಲಹೆ. ದೊಡ್ಡ ಊರುಗಳಲ್ಲಿ ಗೇರ್ ಸೈಕಲ್ ಬಾಡಿಗೆಗೂ ಸಿಗುತ್ತದೆ.

ರೈಡ್‌ಗಳು ಎಲ್ಲಿ ನಡೆಯುತ್ತವೆ ಎಂದು ತಿಳಿಯಲು ನಿಮ್ಮೂರಿನ ಸೈಕಲ್ ಅಂಗಡಿಯವರನ್ನೇ ಕೇಳಿ, ಕ್ಲಬ್‌ನವರ ಪರಿಚಯ ಅವರಿಗಿರುತ್ತದೆ. ವಿಜಯಪುರ, ಬಾಗಲಕೋಟೆ, ಗದಗದ ಕಡೆಯವರಿಗೆ ಇದು ಇನ್ನೂ ಸುಲಭ. ರಾಷ್ಟ್ರಮಟ್ಟದ ಸೈಕ್ಲಿಸ್ಟ್‌ಗಳನ್ನು ಬೆಳೆಸಿದ ನೆಲ ಅದು, ಅಭ್ಯಾಸಕ್ಕೆ ದಾರಿ ತೋರಿಸುವವರು ಬೀದಿಯಲ್ಲೇ ಸಿಗುತ್ತಾರೆ. ಬಿಆರ್‌ಎಂಗಳನ್ನು ಆಡಾಕ್ಸ್ ಇಂಡಿಯಾದ ಅಡಿಯಲ್ಲಿ ಆಯಾ ಊರಿನ ಕ್ಲಬ್‌ಗಳು ನಡೆಸುತ್ತವೆ. ಹೆಸರು ಕೊಡುವ ಮೊದಲು ಸಂಘಟಕರನ್ನು ಕೇಳಿ: ಆಂಬುಲೆನ್ಸ್ ಇದೆಯೇ? ಸ್ವೀಪ್ ಗಾಡಿ, ಅಂದರೆ ಕಟ್ಟಕಡೆಯವರ ಹಿಂದೆ ಬಂದು ಆಗದವರನ್ನು ಹತ್ತಿಸಿಕೊಳ್ಳುವ ವಾಹನ, ಇದೆಯೇ? ನೀರು ಎಷ್ಟು ಕಿ.ಮೀ.ಗೆ ಒಮ್ಮೆ ಸಿಗುತ್ತದೆ? ಬಿಆರ್‌ಎಂನಲ್ಲಿ ಇವನ್ನೆಲ್ಲ ನಿರೀಕ್ಷಿಸಬೇಡಿ, ಅಲ್ಲಿ ನಿಮ್ಮ ಪಂಕ್ಚರ್, ನಿಮ್ಮ ಊಟ ನಿಮ್ಮದೇ ಹೊಣೆ. ಅದಕ್ಕೇ ಮೊದಲ ಗ್ರೂಪ್ ರೈಡ್ ಬಿಆರ್‌ಎಂ ಆಗುವುದು ಬೇಡ.

ಎಲ್ಲ ಸಿದ್ಧತೆ ಮಾಡಿಕೊಂಡ ಮೇಲೂ ಹೋಗಬಾರದ ದಿನಗಳಿವೆ. ಬರೀ ಮೂಗು ಸೋರುತ್ತಿದ್ದರೆ ನಿಧಾನವಾಗಿ ಹೋಗಬಹುದು. ಜ್ವರ, ಮೈಕೈ ನೋವು, ಎದೆಯ ಕೆಮ್ಮು, ಭೇದಿ ಇದ್ದರೆ ಹೋಗಲೇಬಾರದು. ಡೆಂಗಿಯಂಥ ಜ್ವರದಿಂದ ಎದ್ದವರು ವೈದ್ಯರು ಒಪ್ಪುವವರೆಗೆ ಕಾಯಬೇಕು, ಏಕೆಂದರೆ ವೈರಾಣು ಜ್ವರಗಳು ಕೆಲವೊಮ್ಮೆ ಹೃದಯದ ಸ್ನಾಯುವಿಗೂ ಉರಿಯೂತ ತರುತ್ತವೆ, ಆಗ ಜೋರಾಗಿ ಶ್ರಮಪಟ್ಟರೆ ಅಪಾಯ. ಕಟ್ಟಿದ ಶುಲ್ಕ ಹೋಯಿತೆಂದು ಹಟ ಹಿಡಿಯಬೇಡಿ. ದಾರಿಯಲ್ಲಿ ಎದೆ ಬಿಗಿದರೆ, ನೋವು ಎಡತೋಳಿಗೋ ದವಡೆಗೋ ಹರಿದರೆ, ತಲೆ ತಿರುಗಿದರೆ ಅಲ್ಲೇ ಇಳಿದು ಕೂತು ಜೊತೆಯವರನ್ನು ಕೂಗಿ, 108ಕ್ಕೆ ಕರೆ ಮಾಡಿಸಿ. ಬರೀ ಸುಸ್ತಾದರೆ ಸ್ವೀಪ್ ಗಾಡಿ ಹತ್ತಿ, ಅದು ಇರುವುದೇ ಅದಕ್ಕೆ. ನಡುವೆಯೇ ಬಿಟ್ಟು ಮನೆಗೆ ಹೊರಟರೆ ಸಂಘಟಕರಿಗೆ ಒಂದು ಫೋನ್ ಮಾಡಿ ಹೇಳಿ. ಹೇಳದೆ ಹೋದರೆ ನಿಮ್ಮ ಹೆಸರಿನ ಮುಂದೆ ಗುರುತು ಬೀಳುವವರೆಗೆ ಅವರು ದಾರಿಯುದ್ದಕ್ಕೂ ನಿಮ್ಮನ್ನು ಹುಡುಕುತ್ತಲೇ ಇರುತ್ತಾರೆ.